ಒಂದೂ ಸೋಲಿಲ್ಲದ ಸೀಸನ್: 2019ರ ಎಲ್‌ಎಸ್‌ಯು ಟೈಗರ್ಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಯಾವ ತಂಡದ ಮಾತು ಇದು? ಚಿಕ್ಕದಾಗಿ ಹೇಳಿ.

ಅಮೆರಿಕದ ಲೂಸಿಯಾನ ರಾಜ್ಯದ ಬ್ಯಾಟನ್ ರೂಜ್ ಊರಿನಲ್ಲಿರುವ ಲೂಸಿಯಾನ ಸ್ಟೇಟ್ ಯೂನಿವರ್ಸಿಟಿಯ ಫುಟ್‌ಬಾಲ್ ತಂಡ. ಎಲ್ಲರೂ ಎಲ್‌ಎಸ್‌ಯು ಅಂತಲೇ ಕರೆಯುತ್ತಾರೆ. 2019ರ ಸೀಸನ್‌ನಲ್ಲಿ ಆಡಿದ್ದು 15 ಪಂದ್ಯ, ಗೆದ್ದಿದ್ದೂ 15. ಕೊನೆಯದು 2020ರ ಜನವರಿ 13ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ನಡೆದ ರಾಷ್ಟ್ರೀಯ ಚಾಂಪಿಯನ್‌ಶಿಪ್. ಅಲ್ಲಿ ಕ್ಲೆಮ್ಸನ್ ತಂಡವನ್ನು 42-25ರಿಂದ ಸೋಲಿಸಿದರು.

ನಮ್ಮಲ್ಲಿ ಆಗ 14ರ ಬೆಳಗಿನ ಆರೂವರೆ, ಸಂಕ್ರಾಂತಿಯ ಹಿಂದಿನ ದಿನ. ಅಮ್ಮ ಊಟದ ಟೇಬಲ್ಲಿನ ಒಂದು ಬದಿಯಲ್ಲಿ ಎಳ್ಳು-ಬೆಲ್ಲಕ್ಕೆ ಕೊಬ್ಬರಿ ಹೆಚ್ಚುತ್ತಿದ್ದರು. ಇನ್ನೊಂದು ಬದಿಯಲ್ಲಿ ನಾನು ಫೋನ್ ಹಿಡಿದು ಕೂತಿದ್ದೆ. ಆವತ್ತಿನಿಂದ ಮನೆಯವರು, ಆಫೀಸಿನವರು, ಗೆಳೆಯರು ಕೇಳುತ್ತಾ ಬಂದ ಪ್ರಶ್ನೆಗಳೇ ಇಲ್ಲಿರುವುದು.

ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ. ಇದು ಹೇಗೆ ಫುಟ್‌ಬಾಲ್?

ಅಮ್ಮ ಕೇಳಿದ ಮೊದಲ ಪ್ರಶ್ನೆ ಇದೇ. ಇದು ಅಮೆರಿಕನ್ ಫುಟ್‌ಬಾಲ್, ರಗ್ಬಿಯ ಕಡೆಯಿಂದ ಬೆಳೆದು ಬಂದ ಆಟ. ಒಂದೊಂದು ಕಡೆ 11 ಜನ. ಮೈದಾನ 100 ಗಜ. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ. ಒಂದೊಂದಕ್ಕೂ ಡೌನ್ ಅಂತ ಹೆಸರು. ನಾಲ್ಕು ಡೌನ್‌ಗಳಲ್ಲಿ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು ಸಿಗುತ್ತವೆ, ಹೋಗದಿದ್ದರೆ ಚೆಂಡು ಎದುರಾಳಿಗೆ. ಹಾಗಾಗಿ ಮೂರನೇ ಡೌನ್‌ನಲ್ಲೂ ಆಗದಿದ್ದರೆ ಸಾಮಾನ್ಯವಾಗಿ ನಾಲ್ಕನೆಯದರಲ್ಲಿ ಚೆಂಡನ್ನು ದೂರಕ್ಕೆ ಒದ್ದು ಕೊಟ್ಟುಬಿಡುತ್ತಾರೆ.

ಕೊನೆಯ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ. ಅದಾದ ಮೇಲೆ ಒದ್ದು 1 ಅಂಕ, ಇಲ್ಲವೇ ಇನ್ನೊಂದು ಸಲ ಗೆರೆ ದಾಟಿ 2 ಅಂಕ ಸೇರಿಸಿಕೊಳ್ಳಬಹುದು. ಕಂಬಗಳ ನಡುವೆ ಒದ್ದು ಹೊಡೆಯುವ ಫೀಲ್ಡ್ ಗೋಲ್‌ಗೆ 3. ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಇಷ್ಟು ಗೊತ್ತಿದ್ದರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಕಾಲೇಜು ಹುಡುಗರ ಆಟಕ್ಕೆ ಅಷ್ಟೊಂದು ಜನ ಬರುತ್ತಾರಾ?

ಬರುತ್ತಾರೆ. ಎಲ್‌ಎಸ್‌ಯುನ ಟೈಗರ್ ಸ್ಟೇಡಿಯಂನಲ್ಲಿ 1,02,321 ಜನ ಕೂರಬಹುದು. ಬ್ಯಾಟನ್ ರೂಜ್ ಊರಿನ ಜನಸಂಖ್ಯೆಯೇ ಸುಮಾರು 2.2 ಲಕ್ಷ. ಲೆಕ್ಕ ಹಾಕಿ ನೋಡಿ. ಪಂದ್ಯ ಶನಿವಾರ ರಾತ್ರಿ ಇದ್ದರೂ ಬೆಳಗ್ಗಿನಿಂದಲೇ ಸ್ಟೇಡಿಯಂ ಸುತ್ತ ದೊಡ್ಡ ದೊಡ್ಡ ಪಾತ್ರೆಗಳಲ್ಲಿ ಗಂಬೋ, ಜಂಬಲಾಯ ಬೇಯುತ್ತಿರುತ್ತವೆ. ತಂಡದ ಗುರುತಾದ ಮೈಕ್ ಎಂಬ ನಿಜವಾದ ಹುಲಿ ಸ್ಟೇಡಿಯಂ ಪಕ್ಕದಲ್ಲೇ ಇದೆ. ಅದಕ್ಕೆಂದೇ ದೊಡ್ಡ ಆವರಣ ಕಟ್ಟಿಸಿದ್ದಾರೆ.

1988ರ ಅಕ್ಟೋಬರ್ 8ರಂದು ಆಬರ್ನ್ ವಿರುದ್ಧ ಕೊನೆ ಗಳಿಗೆಯಲ್ಲಿ ಟಚ್‌ಡೌನ್ ಬಂದಾಗ ಜನ ಎಷ್ಟು ಕುಣಿದರು ಅಂದರೆ, ಕ್ಯಾಂಪಸ್ಸಿನಲ್ಲೇ ಇದ್ದ ಭೂಕಂಪ ಅಳೆಯುವ ಯಂತ್ರದಲ್ಲಿ ಅದು ದಾಖಲಾಯಿತು. ಆ ಪಂದ್ಯಕ್ಕೆ ಈಗಲೂ ಭೂಕಂಪದ ಪಂದ್ಯ ಅಂತಲೇ ಹೆಸರು.

ಒಂದೂ ಸೋಲದೆ ಇರುವುದು ಯಾಕೆ ಅಷ್ಟು ದೊಡ್ಡ ವಿಷಯ?

ಪಂದ್ಯಗಳೇ ಕಡಿಮೆ. ವಾರಕ್ಕೊಂದು, ಒಟ್ಟು 12. ಆಮೇಲೆ ಎಲ್‌ಎಸ್‌ಯು ಇರುವ ಕಾಲೇಜುಗಳ ಗುಂಪಾದ ಸೌತ್‌ಈಸ್ಟರ್ನ್ ಕಾನ್ಫರೆನ್ಸ್, ಅಂದರೆ ಎಸ್‌ಇಸಿಯ ಫೈನಲ್. ಆಗ ರಾಷ್ಟ್ರೀಯ ಪ್ಲೇಆಫ್‌ಗೆ ನಾಲ್ಕೇ ತಂಡಗಳನ್ನು ಆರಿಸುತ್ತಿದ್ದರು. (2024ರಿಂದ 12 ತಂಡ.) ಒಂದು ಸೋಲಿನಲ್ಲೇ ಇಡೀ ವರ್ಷದ ಕನಸು ಮುಗಿಯುವ ಸಾಧ್ಯತೆ ಇತ್ತು. ಸರಣಿ ಸಮ ಮಾಡಿಕೊಳ್ಳೋಣ ಅನ್ನುವ ಮಾತೇ ಇಲ್ಲ.

ಆದರೆ ನನ್ನನ್ನು ಕೇಳಿದರೆ, 15-0 ಅನ್ನುವ ಅಂಕಿಗಿಂತ ಯಾರನ್ನು ಸೋಲಿಸಿದರು ಅನ್ನುವುದು ಮುಖ್ಯ. ಸೀಸನ್ ಶುರುವಾಗುವ ಮೊದಲು, ಪತ್ರಕರ್ತರು ವೋಟು ಹಾಕಿ ಮಾಡುವ ಎಪಿ ಪಟ್ಟಿಯಲ್ಲಿ ಮೊದಲ ನಾಲ್ಕು ತಂಡ ಯಾವುವು ಗೊತ್ತಾ? ಕ್ಲೆಮ್ಸನ್, ಅಲಬಾಮ, ಜಾರ್ಜಿಯ, ಓಕ್ಲಹೋಮ. ಎಲ್‌ಎಸ್‌ಯು ಇದ್ದಿದ್ದು 6ನೇ ಸ್ಥಾನದಲ್ಲಿ. ಆ ನಾಲ್ಕನ್ನೂ ಸೋಲಿಸಿದರು. ಆಡುವ ಹೊತ್ತಿಗೆ ಮೊದಲ ಹತ್ತರಲ್ಲಿದ್ದ ಏಳು ತಂಡಗಳು ಇವರ ಕೈಯಲ್ಲಿ ಸೋತವು. ಸುಲಭದ ದಾರಿ ಹಿಡಿದು ಬಂದ 15-0 ಅಲ್ಲ ಇದು.

ಎಲ್‌ಎಸ್‌ಯು ಮೊದಲಿನಿಂದಲೂ ಹೀಗೇ ಆಡುತ್ತಿತ್ತಾ?

ಇಲ್ಲ, ಮತ್ತು ನನಗೆ ಈ ಸೀಸನ್ ಇಷ್ಟವಾಗುವುದೇ ಅದಕ್ಕೆ. ಅಲ್ಲಿಯವರೆಗೆ ಎಲ್‌ಎಸ್‌ಯು ಅಂದರೆ ಗಟ್ಟಿ ಡಿಫೆನ್ಸ್, ಚೆಂಡು ಹಿಡಿದು ಓಡುವುದು, ಕಡಿಮೆ ಅಂಕದಲ್ಲಿ ಗೆಲ್ಲುವುದು. 2011ರಲ್ಲಿ ಅಲಬಾಮವನ್ನು ಸೋಲಿಸಿದ ಸ್ಕೋರ್ 9-6. ಎರಡೂ ಕಡೆ ಒಂದೇ ಒಂದು ಟಚ್‌ಡೌನ್ ಇಲ್ಲ! ಅದಾದ ಮೇಲೆ ಅಲಬಾಮದ ಎದುರು ಸತತ ಎಂಟು ಸೋಲು. ಆಟ ಮುಂದೆ ಹೋಗಿತ್ತು, ಎಲ್‌ಎಸ್‌ಯು ನಿಂತಲ್ಲೇ ನಿಂತಿತ್ತು.

2019ರ ಆರಂಭದಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ಎಂಬ ವೃತ್ತಿಪರ ತಂಡದಿಂದ ಜೋ ಬ್ರೇಡಿ ಎಂಬ ಸಹಾಯಕರನ್ನು ಕರೆತಂದರು. ವಯಸ್ಸು 29. ಆಫೆನ್ಸ್, ಅಂದರೆ ಚೆಂಡು ಹಿಡಿದು ಅಂಕ ಹೊಡೆಯುವ ಭಾಗ, ಅದನ್ನು ನೋಡಿಕೊಳ್ಳುತ್ತಿದ್ದ ಹಿರಿಯ ಕೋಚ್ ಸ್ಟೀವ್ ಎನ್ಸ್‌ಮಿಂಗರ್ ಅವರಿಗೆ ಆಗ ಅರವತ್ತು. ಅಷ್ಟು ಚಿಕ್ಕವನ ಜೊತೆ ಕೂತು ಹೊಸ ಆಟ ಕಟ್ಟಲು ಅವರು ಹಿಂದೆಮುಂದೆ ನೋಡಲಿಲ್ಲ. ಅದು ದೊಡ್ಡ ಗುಣ. ಐದು ಜನರನ್ನು ಮೈದಾನದ ಉದ್ದಗಲಕ್ಕೂ ಹರಡಿ ಓಡಿಸುವುದು, ಎದುರಾಳಿ ಎಲ್ಲಿ ತೆಳ್ಳಗಾಗುತ್ತಾನೋ ಅಲ್ಲಿಗೆ ತಕ್ಷಣ ಎಸೆಯುವುದು, ಸಂಕ್ಷೇಪವಾಗಿ ಹೇಳಿದರೆ ಇಷ್ಟೇ. ಆ ವರ್ಷ ಒಟ್ಟು 726 ಅಂಕ ಬಂತು, ಪಂದ್ಯಕ್ಕೆ ಸರಾಸರಿ 48ಕ್ಕಿಂತ ಜಾಸ್ತಿ.

ಜೋ ಬರೋ ಯಾರು?

ಆ ತಂಡದ ಕ್ವಾರ್ಟರ್‌ಬ್ಯಾಕ್. ಲೂಸಿಯಾನದವನಲ್ಲ, ಓಹಾಯೊ ರಾಜ್ಯದ ಏಥೆನ್ಸ್ ಕಡೆಯ ಹುಡುಗ. ಮೊದಲು ಸೇರಿದ್ದು ತನ್ನದೇ ರಾಜ್ಯದ ಓಹಾಯೊ ಸ್ಟೇಟ್‌ಗೆ. ಅಲ್ಲಿ ಮೂರು ವರ್ಷ ಬೆಂಚ್ ಕಾದ. ಅಷ್ಟರಲ್ಲಿ ಡಿಗ್ರಿ ಮುಗಿಸಿಕೊಂಡ. ಡಿಗ್ರಿ ಆದವರು ಬೇರೆ ಕಾಲೇಜಿಗೆ ಹೋದರೆ ಕಾಯದೆ ತಕ್ಷಣ ಆಡಬಹುದಿತ್ತು. 2018ರಲ್ಲಿ ಎಲ್‌ಎಸ್‌ಯುಗೆ ಬಂದ. ನಮ್ಮ ಕಿವಿಗೆ 'ಬಾರೋ' ಅಂತ ಯಾರೋ ಪ್ರೀತಿಯಿಂದ ಕರೆದ ಹಾಗೆ ಕೇಳಿಸುವ ಹೆಸರು. ಬ್ಯಾಟನ್ ರೂಜ್ ಅವನನ್ನು ಹಾಗೇ ಕರೆದುಕೊಂಡಿತು.

2018ರಲ್ಲಿ ಅವನು ಎಸೆದ ಟಚ್‌ಡೌನ್ 16. ಪರವಾಗಿಲ್ಲ ಅನ್ನುವಂಥ ಆಟಗಾರ, ಅಷ್ಟೇ. 2019ರಲ್ಲಿ 60! ಆಗ ಅದು ದಾಖಲೆ. 5,671 ಗಜ, ಎಸೆದ ನೂರರಲ್ಲಿ 76 ಗುರಿ ಮುಟ್ಟಿದವು, ಎದುರಾಳಿಯ ಕೈಗೆ ಹೋಗಿದ್ದು ಬರೀ 6. ಅದೇ ಹುಡುಗ, ಅದೇ ಕೈ. ಒಂದು ವರ್ಷದಲ್ಲಿ ಇಷ್ಟು ಬದಲಾವಣೆ ಹೇಗೆ ಅಂತ ಜನ ಇವತ್ತಿಗೂ ಕೇಳುತ್ತಾರೆ. ಹೊಸ ಆಟದ ಪದ್ಧತಿ ಒಂದು ಕಾರಣ. ಎಸೆದದ್ದನ್ನು ಹಿಡಿಯಲು ಜಸ್ಟಿನ್ ಜೆಫರ್ಸನ್, ಜಮಾರ್ ಚೇಸ್, ಟೆರೆಸ್ ಮಾರ್ಷಲ್ ಇದ್ದದ್ದು ಇನ್ನೊಂದು. ಚೇಸ್ ಒಬ್ಬನೇ 20 ಟಚ್‌ಡೌನ್ ಹಿಡಿದ, ಜೆಫರ್ಸನ್ 18.

ಅವನ ತಂದೆ ಜಿಮ್ಮಿ ಬರೋ ಕೂಡ ಫುಟ್‌ಬಾಲ್ ಕೋಚ್. 2018ರ ಸೀಸನ್ ಮುಗಿದ ಮೇಲೆ ನಿವೃತ್ತಿ ತೆಗೆದುಕೊಂಡರು. ಕೋಚ್ ಆಗಿದ್ದರೆ ಶನಿವಾರ ತಮ್ಮ ತಂಡದ ಜೊತೆ ಇರಬೇಕು, ಮಗನ ಆಟ ನೋಡಲು ಆಗುವುದಿಲ್ಲ. ನಿವೃತ್ತಿಯಾಗಿ ನೋಡಿದ್ದು ಈ ಸೀಸನ್. ನನಗೆ ಇದನ್ನು ನೆನೆಸಿಕೊಂಡಾಗಲೆಲ್ಲ ಗಂಟಲು ಕಟ್ಟುತ್ತದೆ.

'ಮೂರನೇ ಡೌನ್, 17 ಗಜ' ಅಂತ ಅಭಿಮಾನಿಗಳು ಪದೇ ಪದೇ ಹೇಳುತ್ತಾರಲ್ಲ, ಏನದು?

ಸೆಪ್ಟೆಂಬರ್ 7, ಸೀಸನ್‌ನ ಎರಡನೇ ಪಂದ್ಯ, ಆಸ್ಟಿನ್ ಊರಿನಲ್ಲಿ ಟೆಕ್ಸಸ್ ವಿರುದ್ಧ. ಎಲ್‌ಎಸ್‌ಯು 37, ಟೆಕ್ಸಸ್ 31. ಎರಡೂವರೆ ನಿಮಿಷದಷ್ಟು ಆಟ ಬಾಕಿ. ಚೆಂಡು ಎಲ್‌ಎಸ್‌ಯು ಹತ್ತಿರ, ಮೂರನೇ ಡೌನ್, ಹೋಗಬೇಕಾದದ್ದು 17 ಗಜ. ಟೆಕ್ಸಸ್ ಕೈಗೆ ಚೆಂಡು ಸಿಕ್ಕರೆ ಒಂದು ಟಚ್‌ಡೌನ್, ಒಂದು ಒದೆತ, ಪಂದ್ಯ ಅವರದು.

ಹಳೆಯ ಎಲ್‌ಎಸ್‌ಯು ಆಗಿದ್ದರೆ ಏನು ಮಾಡುತ್ತಿತ್ತು ಅಂತ ಆ ಊರಿನ ಮಕ್ಕಳಿಗೂ ಗೊತ್ತು. ಸುಮ್ನೆ ಒಬ್ಬ ಚೆಂಡು ಹಿಡಿದು ನಾಲ್ಕು ಹೆಜ್ಜೆ ಓಡುತ್ತಿದ್ದ. ಒಂದಷ್ಟು ಸೆಕೆಂಡು ಕಳೆಯುತ್ತಿತ್ತು. ಚೆಂಡನ್ನು ದೂರ ಒದ್ದು, ಡಿಫೆನ್ಸ್ ಕಾಪಾಡಲಿ ಅಂತ ದೇವರ ಮೇಲೆ ಭಾರ ಹಾಕುತ್ತಿದ್ದರು. ಈ ಸಲ ಎಸೆಯಲು ಹೊರಟರು. ಟೆಕ್ಸಸ್‌ನವರು ಮೇಲೆ ಬಿದ್ದರು. ಬರೋ ಹಿಂದೆ ಸರಿಯಲಿಲ್ಲ, ಆ ಗುಂಪಿನ ನಡುವೆಯೇ ಮುಂದಕ್ಕೆ ಹೆಜ್ಜೆ ಇಟ್ಟು ಎಸೆದ. ಜೆಫರ್ಸನ್ ಹಿಡಿದ, ತಿರುಗಿದ, ಓಡಿದ. 61 ಗಜ, ಟಚ್‌ಡೌನ್. ಕೊನೆಗೆ ಸ್ಕೋರ್ 45-38.

ಈ ತಂಡ ಬೇರೆಯೇ ಆಗಿದೆ ಅಂತ ಅಲ್ಲಿಯ ಜನ ನಂಬಿದ್ದು ಆ ರಾತ್ರಿ. ಹೆದರಿ ಆಡುವುದನ್ನು ಬಿಟ್ಟಿದ್ದರು.

ಕೋಚ್ ಬಗ್ಗೆ ಹೇಳಿ.

ಎಡ್ ಒರ್ಜೆರಾನ್. ಎಲ್ಲರ ಬಾಯಲ್ಲಿ 'ಕೋಚ್ ಓ'. ಲೂಸಿಯಾನದ ದಕ್ಷಿಣದಲ್ಲಿ, ನೀರು ತುಂಬಿದ ಕಾಲುವೆಗಳ ನಡುವಿನ ಲರೋಸ್ ಎಂಬ ಸಣ್ಣ ಊರಿನವರು. ಫ್ರೆಂಚ್ ಮೂಲದ ಕೇಜನ್ ಜನ. ಜಲ್ಲಿ ಅರೆದಂಥ ದನಿ, ಮಾತಾಡಿದರೆ ಯಾವ ಸೀಮೆಯವರು ಅಂತ ಮೊದಲ ವಾಕ್ಯದಲ್ಲೇ ಗೊತ್ತಾಗುತ್ತದೆ.

ಅವರ ದಾರಿ ನೇರವಾಗಿರಲಿಲ್ಲ. ಹುಡುಗನಾಗಿದ್ದಾಗ ಎಲ್‌ಎಸ್‌ಯುಗೆ ಆಡಲು ಸೇರಿ, ಸ್ವಲ್ಪ ದಿನದಲ್ಲೇ ಬಿಟ್ಟು ಮನೆಗೆ ಬಂದರು. ಆಮೇಲೆ ನಾರ್ತ್‌ವೆಸ್ಟರ್ನ್ ಸ್ಟೇಟ್ ಎಂಬ ಚಿಕ್ಕ ಕಾಲೇಜಿನಲ್ಲಿ ಆಡಿದರು. ಮುಂದೆ ಓಲ್ ಮಿಸ್ ತಂಡದ ಮುಖ್ಯ ಕೋಚ್ ಆಗಿ ಮೂರು ವರ್ಷದಲ್ಲಿ ಗೆದ್ದಿದ್ದು 10, ಸೋತಿದ್ದು 25. ಕೆಲಸ ಹೋಯಿತು. 2013ರಲ್ಲಿ ಸದರ್ನ್ ಕ್ಯಾಲಿಫೋರ್ನಿಯದಲ್ಲಿ ಹಂಗಾಮಿಯಾಗಿ ಚೆನ್ನಾಗಿಯೇ ನಡೆಸಿದರೂ ಆ ಕುರ್ಚಿ ಸಿಗಲಿಲ್ಲ. 2016ರಲ್ಲಿ ಎಲ್‌ಎಸ್‌ಯು ಕೂಡ ಮೊದಲು ಹಂಗಾಮಿ ಅಂತಲೇ ಕೊಟ್ಟಿದ್ದು. 2019ರ ಪಟ್ಟಿ ನೋಡಿ: ನಾರ್ತ್‌ವೆಸ್ಟರ್ನ್ ಸ್ಟೇಟ್ ಮೇಲೆ 65-14, ಓಲ್ ಮಿಸ್ ಮೇಲೆ 58-37. ಅವರ ಹಳೆಯ ಬದುಕೆಲ್ಲ ಒಂದೇ ಸೀಸನ್‌ನಲ್ಲಿ ಎದುರಿಗೆ ಬಂದು ನಿಂತಿತ್ತು.

ಸೋಲಿಗೆ ತೀರಾ ಹತ್ತಿರ ಹೋಗಿದ್ದು ಯಾವಾಗ?

ಅಕ್ಟೋಬರ್ 26, ಆಬರ್ನ್ ವಿರುದ್ಧ. 23-20. ಆ ವರ್ಷ ಎಲ್‌ಎಸ್‌ಯು 36ಕ್ಕಿಂತ ಕಡಿಮೆ ಅಂಕ ಪಡೆದದ್ದು ಇದೊಂದೇ ಪಂದ್ಯದಲ್ಲಿ.

ಡಿಫೆನ್ಸ್ ದುರ್ಬಲ ಇತ್ತು ಅಂತಾರೆ. ನಿಜವೇ?

ಅರ್ಧ ನಿಜ. ವ್ಯಾಂಡರ್‌ಬಿಲ್ಟ್‌ನಂಥ ಸಾಧಾರಣ ತಂಡ 38 ಅಂಕ ಹೊಡೆಯಿತು, ಓಲ್ ಮಿಸ್ 37. ಗೆದ್ದ ಮೇಲೂ ಜನ ಬೈದರು. ಆದರೆ ಕೊನೆಗೆ ಬರುವಾಗ ಡಿಫೆನ್ಸ್ ಕೋಚ್ ಡೇವ್ ಅರಾಂಡ ಅವರ ಹುಡುಗರು ಗಟ್ಟಿಯಾದರು. ಟೆಕ್ಸಸ್ ಎ ಆ್ಯಂಡ್ ಎಂಗೆ 7, ಎಸ್‌ಇಸಿ ಫೈನಲ್‌ನಲ್ಲಿ ಜಾರ್ಜಿಯಕ್ಕೆ ಬರೀ 10 ಅಂಕ ಬಿಟ್ಟರು. ಗ್ರಾಂಟ್ ಡೆಲ್ಪಿಟ್‌ಗೆ ದೇಶದ ಅತ್ಯುತ್ತಮ ಡಿಫೆನ್ಸಿವ್ ಬ್ಯಾಕ್‌ಗೆ, ಅಂದರೆ ಹಿಂದೆ ನಿಂತು ಎಸೆತ ತಡೆಯುವವನಿಗೆ, ಕೊಡುವ ಥಾರ್ಪ್ ಪ್ರಶಸ್ತಿ ಬಂತು. ಮೊದಲ ವರ್ಷದ ಡೆರೆಕ್ ಸ್ಟಿಂಗ್ಲಿ ಕಡೆಗೆ ಚೆಂಡು ಎಸೆಯಲು ಎದುರಾಳಿಗಳು ಯೋಚಿಸುತ್ತಿದ್ದರು.

ಅಂಗಿಯ ಮೇಲೆ ಬರೋ ತನ್ನ ಹೆಸರಿನ ಸ್ಪೆಲಿಂಗ್ ಬದಲಾಯಿಸಿಕೊಂಡಿದ್ದು ಯಾಕೆ?

ಲೂಸಿಯಾನದ ಫ್ರೆಂಚ್ ಹೆಸರುಗಳಲ್ಲಿ ಕೊನೆಯ 'ಓ' ಸದ್ದಿಗೆ ಇ, ಎ, ಯು, ಎಕ್ಸ್ ಅಂತ ನಾಲ್ಕು ಅಕ್ಷರ ಬರೆಯುತ್ತಾರೆ. 'ಗೋ ಟೈಗರ್ಸ್' ಎಂಬ ಕೂಗಿನ 'ಗೋ'ವನ್ನೂ ಅಲ್ಲಿ ಹಾಗೇ ಬರೆಯುವುದು. ನವೆಂಬರ್ 30, ಟೈಗರ್ ಸ್ಟೇಡಿಯಂನಲ್ಲಿ ಬರೋನ ಕೊನೆಯ ಪಂದ್ಯ. ಕೊನೆಯ ವರ್ಷದ ಹುಡುಗರನ್ನು ಒಬ್ಬೊಬ್ಬರಾಗಿ ಕರೆಯುವ ರಾತ್ರಿ. ಅವನು ಓಡಿ ಬಂದಾಗ ಬೆನ್ನ ಮೇಲಿನ ಹೆಸರಿನ ಕೊನೆಯಲ್ಲಿ ಆ ನಾಲ್ಕು ಅಕ್ಷರ ಇತ್ತು. ಓಹಾಯೊದ ಹುಡುಗ ನಾನು ನಿಮ್ಮವನೇ ಅಂತ ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಎದುರಾಳಿ ಟೆಕ್ಸಸ್ ಎ ಆ್ಯಂಡ್ ಎಂ. ಹಿಂದಿನ ವರ್ಷ ಇದೇ ತಂಡದ ಎದುರು ಏಳು ಓವರ್‌ಟೈಮ್ ಆಡಿ 74-72ರಿಂದ ಸೋತಿದ್ದರು. ಈ ಸಲ 50-7.

ಹೈಸ್‌ಮನ್ ಭಾಷಣ ಅಷ್ಟೊಂದು ಸುದ್ದಿಯಾಗಿದ್ದು ಯಾಕೆ?

ಹೈಸ್‌ಮನ್ ಟ್ರೋಫಿ ಅಂದರೆ ಕಾಲೇಜು ಫುಟ್‌ಬಾಲ್‌ನ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಗೌರವ. ಎಲ್‌ಎಸ್‌ಯುಗೆ ಅದು ಹಿಂದೆ ಬಂದಿದ್ದು ಒಂದೇ ಸಲ, 1959ರಲ್ಲಿ ಬಿಲ್ಲಿ ಕ್ಯಾನನ್‌ಗೆ. ಬರೋಗೆ ಡಿಸೆಂಬರ್ 14ರಂದು, ಅಲ್ಲಿಯವರೆಗಿನ ಅತಿ ದೊಡ್ಡ ಅಂತರದಲ್ಲಿ ಬಂತು.

ವೇದಿಕೆ ಮೇಲೆ ನಿಂತು ತುಂಬ ಹೊತ್ತು ಮಾತೇ ಹೊರಡಲಿಲ್ಲ, ಅತ್ತುಬಿಟ್ಟ. ಆಮೇಲೆ ತನ್ನೂರಿನ ಮಾತು ಎತ್ತಿದ. ಏಥೆನ್ಸ್ ಕಡೆ ಬಡತನ ಜಾಸ್ತಿ, ಶಾಲೆಯಿಂದ ಮನೆಗೆ ಹೋದರೆ ಊಟ ಇಲ್ಲದ ಮಕ್ಕಳಿದ್ದಾರೆ, ಅವರಿಗಾಗಿಯೂ ನಾನು ಇಲ್ಲಿ ನಿಂತಿದ್ದೇನೆ ಅನ್ನುವ ಅರ್ಥದ ಮಾತು. ಅದನ್ನು ಕೇಳಿ ಆ ಊರಿನವರೊಬ್ಬರು ಅಲ್ಲಿಯ ಆಹಾರ ಹಂಚುವ ಸಂಸ್ಥೆಗೆ ಆನ್‌ಲೈನ್‌ನಲ್ಲಿ ದೇಣಿಗೆ ಕೇಳಿದರು. ಕೆಲವೇ ದಿನಗಳಲ್ಲಿ ಐದು ಲಕ್ಷ ಡಾಲರ್ ದಾಟಿತು. ಕೊಟ್ಟವರಲ್ಲಿ ಲೂಸಿಯಾನದವರು ಬೇಕಾದಷ್ಟು ಜನ.

ಸೆಮಿಫೈನಲ್ ದಿನ ಏನಾಯಿತು?

ಡಿಸೆಂಬರ್ 28, ಅಟ್ಲಾಂಟದಲ್ಲಿ ಪೀಚ್ ಬೌಲ್. ಬೆಳಗ್ಗೆ ಲೂಸಿಯಾನದ ಲಾಫಯೆಟ್‌ನಿಂದ ಈ ಪಂದ್ಯಕ್ಕೆ ಹೊರಟಿದ್ದ ಚಿಕ್ಕ ವಿಮಾನ ಏರಿದ ಸ್ವಲ್ಪ ಹೊತ್ತಿಗೇ ಬಿದ್ದಿತು. ಅದರಲ್ಲಿ ಎನ್ಸ್‌ಮಿಂಗರ್ ಅವರ ಸೊಸೆ ಇದ್ದರು, ಟಿವಿಯ ಕ್ರೀಡಾ ವರದಿಗಾರ್ತಿ. ಉಳಿಯಲಿಲ್ಲ. ಸುದ್ದಿ ತಿಳಿದದ್ದು ಪಂದ್ಯಕ್ಕೆ ಮುಂಚೆ. ಎನ್ಸ್‌ಮಿಂಗರ್ ಮನೆಗೆ ಹೋಗಬಹುದಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ. ಅವರು ಸ್ಟೇಡಿಯಂನ ಮೇಲ್ಗಡೆ ಕೋಚ್‌ಗಳು ಕೂರುವ ಕೋಣೆಯಲ್ಲಿ ತಮ್ಮ ಜಾಗದಲ್ಲಿ ಕೂತು ಕೆಲಸ ಮಾಡಿದರು.

ಮೊದಲಾರ್ಧ ಮುಗಿಯುವಷ್ಟರಲ್ಲಿ ಬರೋ ಎಸೆದ ಟಚ್‌ಡೌನ್ ಏಳು, ಅದರಲ್ಲಿ ನಾಲ್ಕು ಜೆಫರ್ಸನ್‌ಗೆ. ಕೊನೆಗೆ ಓಕ್ಲಹೋಮ ಮೇಲೆ 63-28. ಆ ಅಂಕಿಗಳನ್ನು ಓದುವಾಗ ನನಗೆ ಮೇಲೆ ಕೂತಿದ್ದ ಆ ಮನುಷ್ಯನೇ ಕಣ್ಣ ಮುಂದೆ ಬರುತ್ತಾರೆ.

ಫೈನಲ್ ಸುಲಭವಾಗಿತ್ತಾ?

ಸ್ಕೋರ್ ನೋಡಿದರೆ ಹಾಗನ್ನಿಸುತ್ತದೆ. ಆದರೆ ಕ್ಲೆಮ್ಸನ್ ಹಿಂದಿನ ವರ್ಷದ ಚಾಂಪಿಯನ್, ಸತತ 29 ಪಂದ್ಯ ಗೆದ್ದು ಬಂದಿತ್ತು. ಅವರ ಕ್ವಾರ್ಟರ್‌ಬ್ಯಾಕ್ ಟ್ರೆವರ್ ಲಾರೆನ್ಸ್ ಕಾಲೇಜಿನಲ್ಲಿ ಶುರುವಿನಿಂದ ಆಡಿದ ಒಂದು ಪಂದ್ಯವನ್ನೂ ಸೋತಿರಲಿಲ್ಲ. ಎರಡನೇ ಕ್ವಾರ್ಟರ್‌ನಲ್ಲಿ ಸ್ಕೋರ್ ಕ್ಲೆಮ್ಸನ್ 17, ಎಲ್‌ಎಸ್‌ಯು 7. ನಾನು ಫೋನ್ ಕೆಳಗಿಟ್ಟು ಕಾಫಿ ಮಾಡಿಕೊಳ್ಳಲು ಎದ್ದೆ. ಲೋಟ ಹಿಡಿದು ವಾಪಸ್ ಬರುವಾಗ ಅಮ್ಮ, 'ನಿನ್ನ ಹುಲಿಗಳು ಏನೋ ಮಾಡಿದ್ರು ನೋಡು' ಅಂದರು.

ವಿರಾಮಕ್ಕೆ ಮುಂಚೆ ಒಂದರ ಹಿಂದೆ ಒಂದು ಮೂರು ಟಚ್‌ಡೌನ್. 28-17. ಚೇಸ್ ಆ ರಾತ್ರಿ 221 ಗಜ ದಾಟಿಸಿದ. ಬರೋ ಐದು ಎಸೆದು, ಒಂದನ್ನು ತಾನೇ ಓಡಿ ಮುಟ್ಟಿಸಿದ. ಬ್ಯಾಟನ್ ರೂಜ್‌ನಿಂದ ನ್ಯೂ ಆರ್ಲಿಯನ್ಸ್ ಸುಮಾರು 130 ಕಿಲೋಮೀಟರ್, ಹಾಗಾಗಿ ಮನೆಯಂಗಳದಲ್ಲೇ ಆಡಿದ ಹಾಗಿತ್ತು. ಗೆದ್ದ ಮೇಲೆ ಬರೋ ಬಾಯಲ್ಲಿ ಚುಟ್ಟಾ ಇಟ್ಟುಕೊಂಡು ಕೂತ ಫೋಟೊ ನೀವೂ ನೋಡಿರಬಹುದು.

ಇತಿಹಾಸದಲ್ಲೇ ಶ್ರೇಷ್ಠ ತಂಡ ಇದೇನಾ?

1995ರ ನೆಬ್ರಾಸ್ಕ, 2001ರ ಮಯಾಮಿ ಹೆಸರು ಹೇಳುವವರು ಇದ್ದಾರೆ. ಅವೂ ಸೋಲದ ತಂಡಗಳೇ. 2022ರ ಜಾರ್ಜಿಯ ಕೂಡ 15-0, ಫೈನಲ್ 65-7ರಿಂದ ಗೆದ್ದಿತು. ಡಿಫೆನ್ಸ್ ಮಾತ್ರ ನೋಡಿದರೆ ಎಲ್‌ಎಸ್‌ಯು ಮೊದಲನೆಯದಲ್ಲ ಅಂತ ನಾನೂ ಒಪ್ಪುತ್ತೇನೆ. ಆದರೆ ಅಷ್ಟು ದೊಡ್ಡ ತಂಡಗಳ ಎದುರು, ಅಷ್ಟು ಧೈರ್ಯದಿಂದ ಆಡಿದ ಇನ್ನೊಂದು ಆಫೆನ್ಸ್ ನಾನು ನೋಡಿಲ್ಲ. ನನ್ನ ವೋಟು ಇವರಿಗೇ.

ಮುಂದಿನ ವರ್ಷ ಏನಾಯಿತು?

ಗೂಡು ಖಾಲಿಯಾಯಿತು. ವೃತ್ತಿಪರ ತಂಡಗಳು ಸರದಿಯಲ್ಲಿ ಆಟಗಾರರನ್ನು ಆರಿಸುವ 2020ರ ಡ್ರಾಫ್ಟ್‌ನಲ್ಲಿ 14 ಜನ ಹೋದರು, ಐವರು ಮೊದಲ ಸುತ್ತಿನಲ್ಲೇ. ಬರೋ ದೇಶಕ್ಕೇ ಮೊದಲನೆಯವನಾಗಿ ಸಿನ್ಸಿನಾಟಿ ಬೆಂಗಾಲ್ಸ್‌ಗೆ. ಬ್ರೇಡಿ ಹೋದರು, ಅರಾಂಡ ಹೋದರು. ಕೊರೊನಾ ವರ್ಷದಲ್ಲಿ ಎಲ್‌ಎಸ್‌ಯು ಐದು ಗೆದ್ದು ಐದು ಸೋತಿತು. 2021ರ ಸೀಸನ್ ಮುಗಿದಾಗ ಕೋಚ್ ಓ ಕೂಡ ಇರಲಿಲ್ಲ. ಬೇಜಾರಿನ ವಿಷಯ. ಚೇಸ್ 2021ರಲ್ಲಿ ಸಿನ್ಸಿನಾಟಿಗೇ ಹೋಗಿ ಬರೋನ ಜೊತೆ ಸೇರಿದ. ಅದೇ ಸೀಸನ್‌ನಲ್ಲಿ ಇಬ್ಬರೂ ವೃತ್ತಿಪರ ಆಟದ ಫೈನಲ್ ಆದ ಸೂಪರ್ ಬೌಲ್‌ವರೆಗೆ ಹೋದರು, ಮೂರು ಅಂಕದಿಂದ ಸೋತರು.

ನನಗೆ ಒಂದೇ ಪಂದ್ಯ ನೋಡಲು ಪುರುಸೊತ್ತಿದೆ. ಯಾವುದು ನೋಡಲಿ?

ನವೆಂಬರ್ 9, ಟಸ್ಕಲೂಸಾದಲ್ಲಿ ಅಲಬಾಮ ವಿರುದ್ಧ. ಫೈನಲ್ ಅಲ್ಲ, ಇದು. ಎಂಟು ಸೋಲಿನ ಭಾರ ಹೊತ್ತು ಅವರದೇ ಅಂಗಳಕ್ಕೆ ಹೋದ ಪಂದ್ಯ. ವಿರಾಮದ ಹೊತ್ತಿಗೆ 33-13ರಿಂದ ಮುಂದಿದ್ದರು. ಆಮೇಲೆ ಅಲಬಾಮ ಹತ್ತಿರ ಬಂತು, ಇನ್ನೂ ಹತ್ತಿರ ಬಂತು, 39-34. ಹಳೆಯ ಕಥೆಯೇ ಮತ್ತೆ ಅಂತ ಅನ್ನಿಸುವಾಗ ಕ್ಲೈಡ್ ಎಡ್ವರ್ಡ್ಸ್-ಹೆಲೇರ್‌ನನ್ನು ನೋಡಿ. ಬ್ಯಾಟನ್ ರೂಜ್ ಊರಿನದೇ ಹುಡುಗ, ತಂಡದಲ್ಲಿ ಕುಳ್ಳಗಿನವರಲ್ಲಿ ಒಬ್ಬ. ಚೆಂಡು ಎದೆಗೆ ಒತ್ತಿಕೊಂಡು ತನಗಿಂತ ಒಂದಡಿ ಎತ್ತರದವರ ಮಧ್ಯೆ ನುಗ್ಗುತ್ತಾನೆ. ಹಿಡಿದವರನ್ನೂ ಎಳೆದುಕೊಂಡು ಎರಡು ಹೆಜ್ಜೆ ಜಾಸ್ತಿಯೇ ಹೋಗುತ್ತಾನೆ. ಅವನ ನಾಲ್ಕನೇ ಟಚ್‌ಡೌನ್ ಬಂದಾಗ ಬಾಕಿ ಇದ್ದದ್ದು 1 ನಿಮಿಷ 37 ಸೆಕೆಂಡು. ಅಲ್ಲಿಗೂ ಮುಗಿಯುವುದಿಲ್ಲ. ಮುಂದಿನ ಎಸೆತದಲ್ಲೇ ಅಲಬಾಮ 85 ಗಜದ ಟಚ್‌ಡೌನ್ ಹೊಡೆಯುತ್ತದೆ. 46-41. ಆಮೇಲೆ ಅಲಬಾಮ ಒದ್ದ ಚೆಂಡು ನೆಲದ ಮೇಲೆ ಉರುಳಿಕೊಂಡು ಬರುತ್ತದೆ, ಹಿಡಿದವರಿಗೇ ಚೆಂಡು. ಅದರ ಮೇಲೆ ಯಾರು ಬೀಳುತ್ತಾರೆ ಅಂತ ಎದ್ದು ನಿಂತು ನೋಡಿ.